ಬಂದರಿನ ಬಾಗಿಲ ಎತೋಂದೆಯಕ್ಕ

ಬಂದರಿನ ದೊಡ್ಡ ಬಾಗಿಲಿನ ಎದುರಿಗೆ, ಮರದ ದಿಮ್ಮಿ ಹೊತ್ತ ಲಾರಿಗಳು ಸಾಲುಗಟ್ಟಿ ನಿಲ್ಲುವ ಕಡೆ, ಎತೋಂದೆಯಕ್ಕ ಮಿಯೊಂಡೊ ಮಾರುತ್ತಿದ್ದಳು. ನಮ್ಮ ದುವಾಲಾ ಪಟ್ಟಣದಲ್ಲಿ ಮಿಯೊಂಡೊ ಇಲ್ಲದೆ ಮೀನು ತಿನ್ನುವವರಿಲ್ಲ. ಮರಗೆಣಸನ್ನು ಹುಳಿ ಬರುವವರೆಗೆ ನೆನೆಸಿ, ನಾರು ತೆಗೆದು, ನುಣ್ಣಗೆ ಅರೆದು, ಹಸಿರೆಲೆಯಲ್ಲಿ ಬೆರಳಿನಷ್ಟೇ ಸಪೂರವಾಗಿ ಸುತ್ತಿ, ತುದಿಯಿಂದ ತುದಿಗೆ ದಾರ ಬಿಗಿದು ಹಬೆಯಲ್ಲಿ ಬೇಯಿಸಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಕಟ್ಟು ಸಡಿಲವಾದರೆ ನೀರು ಕುಡಿದು ಗಂಜಿಯಾಗುತ್ತದೆ. ಬಿಗಿ ಹೆಚ್ಚಾದರೆ ಎಲೆ ಹರಿಯುತ್ತದೆ. ನಮ್ಮ ಹೆಂಗಸರು ಒಬ್ಬೊಬ್ಬರೂ ದಾರವನ್ನು ತಮ್ಮದೇ ರೀತಿಯಲ್ಲಿ ಸುತ್ತುತ್ತಾರೆ. ಕಟ್ಟನ್ನು ನೋಡಿದ ಮಾತ್ರಕ್ಕೆ ಇದು ಅಕ್ವಾ ಕೇರಿಯ ಇಂಥವಳ ಕೈ, ಇದು ಹೊಳೆಯಾಚೆಯ ಬೊನಬೇರಿಯ ಇಂಥವಳ ಕೈ ಎಂದು ಹೇಳುವ ಮುದುಕಿಯರು ನಮ್ಮ ದೇಯ್ದೊ ಕೇರಿಯಲ್ಲಿ ಇನ್ನೂ ಇದ್ದಾರೆ.

ಎತೋಂದೆಯಕ್ಕ ಎಡಕ್ಕೆ ಸುತ್ತುತ್ತಿದ್ದಳು. ಕೊನೆಯಲ್ಲಿ ಗಂಟು ಹಾಕುತ್ತಿರಲಿಲ್ಲ. ದಾರದ ತುದಿಯನ್ನು ಒಳಕ್ಕೆ ಸೇರಿಸಿ ಹೆಬ್ಬೆರಳಿನಿಂದ ಒಮ್ಮೆ ಒತ್ತುತ್ತಿದ್ದಳು, ಅಷ್ಟೇ. ಬಿಚ್ಚುವಾಗ ಒಂದೇ ಎಳೆತಕ್ಕೆ ಎಲೆ ಹೂವಿನಂತೆ ಅರಳಿಕೊಳ್ಳುತ್ತಿತ್ತು. ಹಡಗಿನ ಹೊರೆ ಇಳಿಸಿ ಬಂದ ಹಮಾಲರಿಗೆ, ಎಣ್ಣೆಗೈಯಲ್ಲಿ ಊಟ ಮಾಡುವವರಿಗೆ, ಅದು ಎಷ್ಟು ಅನುಕೂಲವೆಂದು ಬೇರೆ ಹೇಳಬೇಕಾಗಿಲ್ಲ.

ಆಕೆಯ ಬಾಯಿಯೂ ಕೈಯಷ್ಟೇ ಹೆಸರಾಗಿತ್ತು. ಹಮಾಲರ ಗುಂಪಿನಲ್ಲಿ ಕೋತೊ ಎಂಬ ಧಡೂತಿ ಮನುಷ್ಯನಿದ್ದ. ದಿನವೂ ಅವಳನ್ನು ಕೆಣಕದೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

"ಏನಮ್ಮಾ, ಇವತ್ತು ಇಷ್ಟು ಸಣ್ಣಗಾಗಿದಾವೆ? ಮಿಯೊಂಡೊಗಳೂ ಉಪವಾಸ ಮಾಡ್ತಿದಾವಾ?"

"ಅವು ಇದ್ದಷ್ಟೇ ಇದಾವೆ ಕಣೋ. ನಿನ್ನ ಹೊಟ್ಟೇಲಿ ಹೂಳು ತುಂಬಿದೆ, ಬಂದರಿನ ಕಾಲುವೆ ಇದ್ದಂಗೆ. ಹೂಳೆತ್ತೋ ದೋಣಿ ಕರೆಸ್ಕೊಂಡು ಬಾ, ಆಮೇಲೆ ಮಾತಾಡು."

ಸುತ್ತಲಿದ್ದವರೆಲ್ಲ ನಗುತ್ತಿದ್ದರು. ಕೋತೊ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ನಾನು ಆಕೆಯ ನೆರೆಯವನು. ದೇಯ್ದೊ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ನನ್ನ ಮನೆಗೂ ಆಕೆಯ ಮನೆಗೂ ನಡುವೆ ತಗಡಿನ ಬೇಲಿಯೊಂದೇ. ಎತೋಂದೆಯಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣ ಎಯೂಮನ ಮನೆಗೆ ಬಂದಳು. ಎಯೂಮ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದವನು. ಎತ್ತರದಲ್ಲಿ ಕುಳಿತು ಕೆಳಗಿನವರಿಗೆ ಕೂಗಿ ಹೇಳಿ ಅಭ್ಯಾಸವಾದ ಗಂಟಲು, ಮನೆಯಲ್ಲಿಯೂ ಇಳಿಯುತ್ತಿರಲಿಲ್ಲ. ಅವನ ಹೆಂಡತಿ ಸತ್ತ ಮೇಲೆ ಮಗಳು ಸಿಕೆಯನ್ನು ಸಾಕಿದವಳು ಎತೋಂದೆಯಕ್ಕನೇ. ಆ ಮನೆಯಲ್ಲಿ ಎಯೂಮ ಹೆದರುತ್ತಿದ್ದದ್ದು ತಂಗಿಯೊಬ್ಬಳಿಗೆ ಮಾತ್ರ.

ವಯಸ್ಸಾಗುತ್ತ ಆಕೆಯ ಕೈ ಬೆರಳುಗಳು ಸೆಟೆದುಕೊಳ್ಳತೊಡಗಿದವು. ಮೊದಲು ಬೆಳಗಿನ ಹೊತ್ತು ಮಾತ್ರ. ಬಿಸಿನೀರಿನಲ್ಲಿ ಅದ್ದಿದರೆ ಸಡಿಲವಾಗುತ್ತಿದ್ದವು. ಆಮೇಲೆ ಬಿಸಿನೀರಿಗೂ ಬಗ್ಗಲಿಲ್ಲ. ಅರೆಯುವುದಕ್ಕೆಂದು ಒಬ್ಬಳನ್ನು ಇಟ್ಟುಕೊಂಡಳು. ಅವಳ ಹೆಸರು ಓಡೆಟ್. ಪಶ್ಚಿಮದ ಬೆಟ್ಟದ ಸೀಮೆಯಿಂದ ಬಂದವಳು. ಬಂದರು ಯಾರನ್ನು ಕರೆಯಲಿಲ್ಲ ಹೇಳಿ? ಅವಳ ಗಂಡ ಲಾರಿಯ ಕೆಲಸಕ್ಕೆಂದು ಬಂದು, ಅವಳನ್ನು ಇಲ್ಲಿ ಬಿಟ್ಟು, ಇನ್ನೊಂದು ಲಾರಿ ಹತ್ತಿ ಹೋಗಿದ್ದ. ಮಿತಭಾಷಿ ಹೆಂಗಸು. ಅರೆಯಲು ಬಂದವಳು ಸುತ್ತಲು ಕಲಿತಳು, ಸುತ್ತಲು ಕಲಿತವಳು ಕಟ್ಟಲು ಕಲಿತಳು. ಎತೋಂದೆಯಕ್ಕ ತನ್ನ ತಾಯಿಯಿಂದ ಕಲಿತ ಎಡಸುತ್ತನ್ನು, ಒಳಗೆ ತುದಿ ಸೇರಿಸುವ ಬಗೆಯನ್ನು, ಅವಳಿಗೆ ಹೇಳಿಕೊಟ್ಟಳು. ಹಿತ್ತಲಿನ ಬಾಗಿಲು ಹಾಕಿಕೊಂಡು, ಅಣ್ಣನಿಗೂ ಸಿಕೆಗೂ ತಿಳಿಯದಂತೆ ಹೇಳಿಕೊಟ್ಟಳು.

ಹೀಗೆ, ಬಂದರಿನ ಬಾಗಿಲಲ್ಲಿ ಜನ ಹೊಗಳಿ ಹೊಗಳಿ ತಿನ್ನುತ್ತಿದ್ದ ಎತೋಂದೆಯಕ್ಕನ ಮಿಯೊಂಡೊ, ಬಹಳ ಕಾಲದಿಂದ ಓಡೆಟ್‌ಳ ಕೈಯದಾಗಿತ್ತು. ಗಿರಾಕಿಗಳೇ ಬುಟ್ಟಿಯಿಂದ ತೆಗೆದುಕೊಂಡು ಕಾಸನ್ನು ಡಬ್ಬಿಗೆ ಹಾಕುತ್ತಿದ್ದರು, ಎತೋಂದೆಯಕ್ಕ ಕೈಗಳನ್ನು ಮಡಿಲಿನ ಬಟ್ಟೆಯಲ್ಲಿ ಹುದುಗಿಸಿಕೊಂಡೇ ಕೂರುತ್ತಿದ್ದಳು. ಕೈಸೋತವರು ಇನ್ನೊಬ್ಬರ ಕೈ ಹಿಡಿಯುವುದು ತಪ್ಪಲ್ಲ. ಆದರೆ ಅದನ್ನು ಮುಚ್ಚಬೇಕೆಂದಾಗ ಒಂದು ಸುಳ್ಳು ಸಾಲುವುದಿಲ್ಲ.

"ಆ ಬೆಟ್ಟದವಳು ನಿನ್ನ ಹತ್ರ ಏನು ಮಾಡ್ತಾಳೆ ಅಮ್ಮಾ?" ಎಂದು ಕೋತೊ ಒಮ್ಮೆ ಕೇಳಿದ. ಬುಟ್ಟಿ ಹೊತ್ತು ತಂದ ಓಡೆಟ್ ಅಲ್ಲೇ ನಿಂತಿದ್ದಳು.

"ಒಲೆ ಊದ್ತಾಳೆ," ಎಂದಳು ಎತೋಂದೆಯಕ್ಕ.

"ಕಟ್ಟೋದು ಕಲಿಸ್ಬಾರ್ದಾ?"

"ಬೆಟ್ಟದವರ ಕೈಗೆ ಮಿಯೊಂಡೊ ಬರತ್ತೇನೋ? ಗುದ್ದಲಿ ಹಿಡಿಯೋ ಕೈ ಅದು. ಅವಳು ಕಟ್ಟಿದ್ರೆ ನಿನ್ನ ತೋಳಿನಷ್ಟು ದಪ್ಪ ಆಗತ್ತೆ, ಬಿಚ್ಚೋಕೆ ಕೊಡಲಿ ಬೇಕಾಗತ್ತೆ."

ಎಲ್ಲರೂ ನಕ್ಕರು. ಓಡೆಟ್ ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡಿದಳು. ಆ ಮಾತು ಒಮ್ಮೆ ಆಡಿದ್ದಾಗಿದ್ದರೆ ಮರೆತು ಹೋಗುತ್ತಿತ್ತು. ಜನ ನಕ್ಕ ಮಾತನ್ನು ಜನ ಮತ್ತೆ ಕೇಳುತ್ತಾರೆ. ಆಕೆ ಮತ್ತೆ ಮತ್ತೆ ಆಡಿದಳು. ಮನೆಗೆ ಬಂದ ಮೇಲೆ ಓಡೆಟ್‌ಳ ತಟ್ಟೆಗೆ ದೊಡ್ಡ ಮೀನಿನ ತುಂಡನ್ನು ಹಾಕುತ್ತಿದ್ದಳಂತೆ. ಇದನ್ನೆಲ್ಲ ಎತೋಂದೆಯಕ್ಕನೇ ನನಗೆ ಹೇಳಿದ್ದು, ಆಮೇಲೆ ಒಂದು ದಿನ, ನನ್ನ ಜಗಲಿಯಲ್ಲಿ ಕುಳಿತು.

ಈ ನಡುವೆ ಸಿಕೆ ಮದುವೆಯ ವಯಸ್ಸಿಗೆ ಬಂದಳು. ಅವಳು ಮೆಚ್ಚಿದ ಹುಡುಗ ವಾಫೊ, ಬೆಪಾಂಡಾ ಕೇರಿಯಲ್ಲಿ ಫ್ರಿಜ್ಜು ರಿಪೇರಿ ಮಾಡುವವನು. ಅವನೂ ಬೆಟ್ಟದ ಸೀಮೆಯವನೇ. ಎಯೂಮ ಕುದಿದುಹೋದ. "ನಮ್ಮ ಹೊಳೆಯ ದಡದಲ್ಲಿ ಹುಡುಗ್ರೇ ಇಲ್ವಾ? ಮೊದಲು ನಮ್ಮ ಅಂಗಡಿ ತಗೊಂಡ್ರು, ಆಮೇಲೆ ಜಾಗ ತಗೊಂಡ್ರು, ಈಗ ಮಗಳೂ ಬೇಕಾ?" ಎಂದು ಬೇಲಿಯಾಚೆಗೂ ಕೇಳುವಂತೆ ಕೂಗಿದ. ಸಿಕೆ ಅಪ್ಪನ ಮಗಳೇ, ಬಗ್ಗಲಿಲ್ಲ. ಕೊನೆಗೆ ಹುಡುಗನ ಕಡೆಯವರು ಬಂದು ಬಾಗಿಲು ತಟ್ಟಲಿ, ಆಮೇಲೆ ನೋಡೋಣ ಎಂದಾಯಿತು.

ಬಾಗಿಲು ತಟ್ಟುವುದೆಂದರೆ ಹೆಣ್ಣು ಕೇಳಲು ಬರುವ ಮೊದಲ ದಿನ. ಎರಡೂ ಕಡೆಯವರು ಎದುರುಬದುರಾಗಿ ಕೂರುತ್ತಾರೆ. ಹುಡುಗಿಯ ಮನೆಯ ಹೆಂಗಸರು ತಾವೇ ಕೈಯಾರೆ ಮಾಡಿದ ಊಟವನ್ನು ಇಡುತ್ತಾರೆ. ಎರಡು ಕಡೆಯವರೂ ಒಬ್ಬರನ್ನೊಬ್ಬರು ಕೆಣಕುತ್ತಾರೆ, ಹಾಸ್ಯ ಮಾಡುತ್ತಾರೆ, ಅದು ಪದ್ಧತಿ. ಹಾಸ್ಯವಿಲ್ಲದ ಬಾಗಿಲು ತಟ್ಟುವಿಕೆ ಸಾವಿನ ಮನೆಯಂತೆ ಎನ್ನುತ್ತಾರೆ ನಮ್ಮವರು. ನಮ್ಮ ಕಡೆಯಿಂದ ಮಾತನಾಡಲು ನನ್ನನ್ನು ಕೂರಿಸಿದ್ದರು.

ಹುಡುಗನ ಕಡೆಯಿಂದ ಅವನ ಸೋದರತ್ತೆ ಮುಂದಾಳಾಗಿ ಬಂದಿದ್ದರು. ತಲೆಗೆ ಬಿಳಿ ವಸ್ತ್ರ ಕಟ್ಟಿದ ಗಂಭೀರ ಹೆಂಗಸು. ಅವರನ್ನು ಎಲ್ಲರೂ ತಗ್ನೆಯಮ್ಮ ಎನ್ನುತ್ತಿದ್ದರು. ಕಹಿಸೊಪ್ಪಿನ ಪಲ್ಯ, ಸುಟ್ಟ ಮೀನು, ಮಿಯೊಂಡೊ ಬಂದವು. ಓಡೆಟ್ ಬಡಿಸುತ್ತಿದ್ದಳು. ತಗ್ನೆಯಮ್ಮ ಒಂದು ಮಿಯೊಂಡೊ ತೆಗೆದುಕೊಂಡು ದಾರ ಎಳೆದರು, ಎಲೆ ಅರಳಿತು. ಅವರ ಮುಖವೂ ಅರಳಿತು.

"ಇದನ್ನ ಯಾರು ಕಟ್ಟಿದ್ದು? ನಮ್ಮ ಹುಡುಗ ಇದನ್ನು ತಿಂದೇ ಮರುಳಾಗಿರಬೇಕು. ಸಿಕೆಗೂ ಬರತ್ತಾ?"

ಅಲ್ಲಿಗೆ ಎಲ್ಲರೂ ನಕ್ಕು ಮುಂದೆ ಹೋಗಬಹುದಾಗಿತ್ತು. ಎಯೂಮ ಬಿಡಲಿಲ್ಲ. ಬಂದವರು ತಾವಾಗಿಯೇ ಎದ್ದುಹೋದರೆ ಮಗಳ ಮುಂದೆ ತಾನು ಕೆಟ್ಟವನಾಗುವುದಿಲ್ಲ ಎಂಬ ಲೆಕ್ಕ ಅವನದು.

"ನಮ್ಮ ಎತೋಂದೆ ಕಟ್ಟಿದ್ದು. ಇದು ಹೊಳೆಯವರ ರಕ್ತದಲ್ಲಿ ಬರೋದು ತಾಯಿ. ನಿಮ್ಮೋರು ಏಳು ಸಲ ಹುಟ್ಟಿ ಬಂದ್ರೂ ಬರಲ್ಲ."

"ಎಂಟನೇ ಸಲ ನೋಡೋಣ ಬಿಡಿ," ಎಂದರು ತಗ್ನೆಯಮ್ಮ. ಎರಡು ಕಡೆಯವರೂ ನಕ್ಕರು.

"ಯಾಕೆ ಕಾಯ್ಬೇಕು? ಈಗಲೇ ನೋಡಿ. ಇವಳು ನಿಮ್ಮ ಬೆಟ್ಟದವಳೇ. ವರ್ಷಗಟ್ಲೆ ನನ್ನ ತಂಗಿ ಪಕ್ಕದಲ್ಲಿ ಕೂತಿದಾಳೆ. ಏಯ್ ಓಡೆಟ್, ಒಳಗಿಂದ ಹಿಟ್ಟು ತಗೊಂಬಾ, ಎಲೆ ದಾರ ತಗೊಂಬಾ. ಒಂದು ಕಟ್ಟು, ನಿಮ್ಮೋರು ನೋಡ್ಲಿ."

ನಾನು, "ಎಯೂಮಣ್ಣ, ಊಟ ಆರಿಹೋಗತ್ತೆ, ಆಮೇಲೆ ಆಟ," ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಓಡೆಟ್ ಎತೋಂದೆಯಕ್ಕನ ಮುಖ ನೋಡಿದಳು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ. ಹೆದರಿದ ಹೆಂಗಸು ಯಜಮಾನಿಯ ಅಪ್ಪಣೆ ಕೇಳುತ್ತಿದ್ದಾಳೆಂದುಕೊಂಡೆ. ಎತೋಂದೆಯಕ್ಕ ತನ್ನ ಮಡಿಲಿನ ಬಟ್ಟೆಯ ಮಡಿಕೆಯಲ್ಲಿ ಎರಡೂ ಕೈ ಹುದುಗಿಸಿಕೊಂಡು ಕೂತಿದ್ದಳು.

ಓಡೆಟ್ ಹಿಟ್ಟು ತಂದಳು. ಚಾಪೆಯ ಮೇಲೆ, ಎಲ್ಲರ ನಡುವೆ, ಮೊಣಕಾಲೂರಿ ಕುಳಿತಳು. ಎಲೆ ಹಾಸಿ ಹಿಟ್ಟು ಇಟ್ಟಳು. ಬೇಕಾದ್ದಕ್ಕಿಂತ ಹೆಚ್ಚು ಇಟ್ಟಳು. ದಾರವನ್ನು ಬಲಕ್ಕೆ ಸುತ್ತಿದಳು, ಅರ್ಧಕ್ಕೆ ಜಾರಿತು, ಮತ್ತೆ ಸುತ್ತಿದಳು. ಎತ್ತಿ ಹಿಡಿದಾಗ ಹೊಟ್ಟೆಯುಬ್ಬಿದ ಆ ಕಟ್ಟು ಒಂದು ಕಡೆ ಬಾಯಿಬಿಟ್ಟು ಹಿಟ್ಟು ಚಾಪೆಯ ಮೇಲೆ ಪೊತ್ತೆಂದು ಬಿತ್ತು.

ನಮ್ಮ ಕಡೆಯ ಸಾಲೆಲ್ಲ ಗೊಳ್ಳೆಂದಿತು. "ಬೆಟ್ಟ ಜರಿಯಿತು!" ಎಂದು ಹಿಂದಿನಿಂದ ಯಾರೋ ಕೂಗಿದರು. ಎದುರಿನ ಸಾಲಿನಲ್ಲಿ ಯಾರೂ ನಗಲಿಲ್ಲ. ಗಂಡಸರು ನೆಲ ನೋಡಿದರು. ವಾಫೊ ಹುಡುಗ ತನ್ನ ಬೂಟಿನ ತುದಿ ನೋಡುತ್ತಿದ್ದ.

ತಗ್ನೆಯಮ್ಮ ಎದ್ದುಬಂದು, ತಮ್ಮ ಒಳ್ಳೆಯ ಉಡುಪಿನಲ್ಲೇ ಬಗ್ಗಿ, ಬಿದ್ದ ಹಿಟ್ಟನ್ನು ಎಲೆಯಿಂದ ಬಳಿದು ತೆಗೆದರು. "ಹಿಟ್ಟು ಬಿದ್ರೆ ಬಿತ್ತು ಮಗಳೇ. ತಲೆ ಎತ್ತು. ಯಾರ ಮನೆಯೋಳು ನೀನು?" ಎಂದರು. ಓಡೆಟ್ ತನ್ನ ಊರಿನ ಹೆಸರು ಹೇಳಿದಳು, ಬಹಳ ಮೆಲ್ಲಗೆ. ಅವರು ಎಯೂಮನ ಕಡೆ ತಿರುಗಿ, "ಊಟ ರುಚಿಯಾಗಿತ್ತು. ಇನ್ನೊಂದು ಸಲ ಬಾಗಿಲು ತಟ್ಟೋ ಮುಖ ನಮಗಿದ್ರೆ ಬರ್ತೀವಿ," ಎಂದು ಹೇಳಿ ತಮ್ಮವರನ್ನು ಎಬ್ಬಿಸಿಕೊಂಡು ಹೋದರು.

ಸಿಕೆ ಅಪ್ಪನ ಮೇಲೆ ಕೂಗಾಡಲಿಲ್ಲ. ಅಡುಗೆಮನೆಗೆ ಹೋಗಿ ಅತ್ತೆಯ ಎದುರು ನಿಂತಳು. "ಅಪ್ಪ ಹಂಗೇ ಅಂತ ನಂಗೊತ್ತು. ನೀನ್ಯಾಕೆ ಬಾಯಿಬಿಡ್ಲಿಲ್ಲ ಅತ್ತೆ? ನೀನು ಸಾಕು ಅಂದಿದ್ರೆ ಅಪ್ಪ ಸುಮ್ನಾಗ್ತಿದ್ದ. ಪಾಪ, ಆ ಓಡೆಟ್ ಏನು ಮಾಡಿದ್ಲು ನಿಂಗೆ?"

ಎತೋಂದೆಯಕ್ಕ ಕೈಗಳನ್ನು ಬಟ್ಟೆಯ ಮಡಿಕೆಯಲ್ಲಿ ಇನ್ನೂ ಒಳಕ್ಕೆ ಹುದುಗಿಸಿಕೊಂಡಳು.

ಮಾರನೆಯ ದಿನ ಓಡೆಟ್ ಬರುವುದಿಲ್ಲ ಎಂದುಕೊಂಡಿದ್ದಳಂತೆ ಎತೋಂದೆಯಕ್ಕ. ಬಾರದಿದ್ದರೆ ಒಳ್ಳೆಯದೆಂದೂ ಅಂದುಕೊಂಡಿದ್ದಳಂತೆ. ಆದರೆ ಓಡೆಟ್ ಎಂದಿನಂತೆ ಬಂದು ಒಲೆ ಹೊತ್ತಿಸಿ ಕುಳಿತು ಎಡಕ್ಕೆ ಸುತ್ತತೊಡಗಿದಳು.

"ಯಾಕೆ ಹಂಗೆ ಮಾಡಿದೆ?" ಎಂದು ಎತೋಂದೆಯಕ್ಕ ಕೇಳಿದಳು.

"ಸರಿಯಾಗಿ ಕಟ್ಟಿದ್ರೆ ನೀನು ಎಲ್ಲಿ ಹೋಗ್ತಿದ್ದೆ ಅಮ್ಮಾ?"

"ನಿಮ್ಮೋರ ಮುಂದೆ..."

"ಹೂಂ. ನಮ್ಮೋರ ಮುಂದೆ." ಓಡೆಟ್ ಇನ್ನೊಂದು ಎಲೆ ತೆಗೆದುಕೊಂಡಳು. "ನೀನು ಏನಾದ್ರೂ ಹೇಳ್ತೀಯ ಅಂತ ಕಾದೆ. ದಾರ ಜಾರಿಸಿ ಎರಡನೇ ಸಲ ಸುತ್ತಿದ್ದು ಅದಕ್ಕೇ. ಹೊತ್ತು ಕೊಟ್ಟೆ ನಿಂಗೆ."

ಅಷ್ಟೇ ಮಾತು. ಬುಟ್ಟಿ ತುಂಬಿ ಇಬ್ಬರೂ ಬಂದರಿಗೆ ಹೋದರು. ಸುದ್ದಿ ಇವರಿಗಿಂತ ಮುಂಚೆ ಅಲ್ಲಿಗೆ ಹೋಗಿತ್ತು. ಕೋತೊ ಒಂದು ಮಿಯೊಂಡೊ ಬಿಚ್ಚಿ ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ, "ಬಂದ್ಲು ನೋಡ್ರೋ ಬೆಟ್ಟದ ಕಲಾವಿದೆ! ನಿನ್ನೆ ಚಾಪೆಗೆ ಮಿಯೊಂಡೊ ತಿನ್ನಿಸಿದ್ಲಂತೆ! ಅಮ್ಮಾ, ಇವಳ ಕೈಗೆ ಮಾತ್ರ ಹಿಟ್ಟು ಕೊಡ್ಬೇಡ, ನಾವು ಉಪವಾಸ ಸಾಯ್ತೀವಿ," ಎಂದ. ಓಡೆಟ್ ಕಟ್ಟಿದ ಮಿಯೊಂಡೊ ಅವನ ಬಾಯಿ ತುಂಬ ಇತ್ತು. ಬಿಳಿಯ ತುಣುಕು ತುಟಿಯಿಂದ ಹಾರಿ ಓಡೆಟ್‌ಳ ತೋಳಿಗೆ ಬಿತ್ತು. ಅವಳು ಒರೆಸಿಕೊಂಡಳು.

ಅದನ್ನು ನೋಡಿದ ಮೇಲೆ ತನ್ನ ಕಿವಿ ಸುಟ್ಟಂತಾಯಿತು ಎಂದು ಎತೋಂದೆಯಕ್ಕ ಹೇಳುತ್ತಿದ್ದಳು. ಬುಟ್ಟಿ ಮುಚ್ಚಿ ಎದ್ದುಬಂದಳು. ನೇರವಾಗಿ ನನ್ನ ಜಗಲಿಗೆ ಬಂದು ಕುಳಿತು, ಬಟ್ಟೆಯ ಮಡಿಕೆಯಿಂದ ಕೈ ಹೊರತೆಗೆದು ನನ್ನೆದುರು ಚಾಚಿದಳು. ಬೆರಳುಗಳು ಏಡಿಯ ಕಾಲುಗಳಂತೆ ಒಳಕ್ಕೆ ಮಡಚಿಕೊಂಡಿದ್ದವು. ಬೇಲಿಯಾಚೆ ಇಷ್ಟು ದಿನ ಇದ್ದೂ ನಾನು ಆ ಕೈಗಳನ್ನು ನೋಡಿರಲಿಲ್ಲ.

"ನೋಡು ಮೇಷ್ಟ್ರೇ. ಈ ಕೈ ಮಿಯೊಂಡೊ ಕಟ್ಟತ್ತಾ?" ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. "ನನ್ನ ಜೊತೆ ಬೆಪಾಂಡಾಕ್ಕೆ, ಹುಡುಗನ ಮನೆಗೆ ಬಾ. ಒಬ್ಬಳೇ ಹೋದ್ರೆ ಅರ್ಧ ದಾರೀಲಿ ವಾಪಸ್ ಬರ್ತೀನಿ. ನಂಗೆ ನನ್ನ ಮೇಲೆ ನಂಬಿಕೆ ಇಲ್ಲ."

ಎಯೂಮನಿಗೆ ವಿಷಯ ತಿಳಿದಾಗ ಮೊದಲ ಬಾರಿಗೆ ಅವನ ಗಂಟಲು ಇಳಿಯಿತು. "ಮನೆ ಮಾತು ಮನೇಲಿ ಇರ್ಲಿ ಎತೋಂದೆ. ಕೇರಿ ಕೇಳಿದ್ರೆ ಏನನ್ನತ್ತೆ? ನಮ್ಮಮ್ಮನ ಕೈ ಅದು," ಎಂದ. ಎತೋಂದೆಯಕ್ಕ, "ನಮ್ಮಮ್ಮನ ಕೈ ಈಗ ಓಡೆಟ್ ಹತ್ರ ಇದೆ ಅಣ್ಣ. ಅದನ್ನ ಚಾಪೆ ಮೇಲೆ ಕೂರಿಸಿ ನಗಾಡಿಸಿದವನು ನೀನು, ಬಿಟ್ಟವಳು ನಾನು. ಚಪ್ಪಲಿ ಹಾಕ್ಕೋ," ಎಂದಳು. ಅವನು ಹಾಕಿಕೊಂಡ.

ತಗ್ನೆಯಮ್ಮ ನಮ್ಮನ್ನು ಕೂರಿಸಿ ನೀರು ಕೊಟ್ಟರು. ಎತೋಂದೆಯಕ್ಕ ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದಳು. ನಡುನಡುವೆ ನಾಲಿಗೆ ಹೊರಳದೆ ನನ್ನ ಕಡೆ ನೋಡಿದಳು. ನಾನು ಸಹಾಯ ಮಾಡಲಿಲ್ಲ, ಅದು ಅವಳೇ ಹೇಳಬೇಕಾದ ಮಾತು. ಎಯೂಮನೂ ತಲೆ ತಗ್ಗಿಸಿ, "ನನ್ನ ಬಾಯಿ ಹೆಚ್ಚಾಯ್ತು," ಎಂದ. ಅವನಿಂದ ಅಷ್ಟು ಬಂದದ್ದೇ ಹೆಚ್ಚು.

ತಗ್ನೆಯಮ್ಮ ಎಲ್ಲವನ್ನೂ ಕೇಳಿದರು. "ನಮ್ಮ ಮುಂದೆ ಹೇಳಿದ್ದು ಒಳ್ಳೇದಾಯ್ತು. ಆದ್ರೆ ನಮ್ಮ ಮುಂದೆ ಹೇಳೋದು ಸುಲಭ ತಾಯಿ. ನಾವು ದಿನಾ ನಿಮ್ಮ ಹತ್ರ ತಿನ್ನೋರಲ್ಲ. ಆ ಹುಡುಗಿಗೆ ಅವಮಾನ ಆಗ್ತಾ ಇರೋದು ಬಂದರಿನ ಬಾಗಿಲಲ್ಲಿ. ಅಲ್ಲಿ ಹೇಳಿದೀರಾ?"

ಎತೋಂದೆಯಕ್ಕ ಹಿಡಿಯಷ್ಟಾದಳು. "ಇಲ್ಲ," ಎಂದಳು.

"ಅಲ್ಲಿ ಹೇಳಿ. ಆಮೇಲೆ ನಾವು ಬಂದು ಬಾಗಿಲು ತಟ್ತೀವಿ."

ಬಂದರಿನ ಬಾಗಿಲೆಂದರೆ ಆಕೆಗೆ ಇದ್ದ ಆಸ್ತಿಯೆಲ್ಲ. ಮಕ್ಕಳಿಲ್ಲ, ಗಂಡನಿಲ್ಲ, "ಎತೋಂದೆಯಮ್ಮನ ಮಿಯೊಂಡೊ" ಎಂಬ ಹೆಸರೊಂದೇ. ಮಾರನೆಯ ದಿನ ಊಟದ ಹೊತ್ತಿಗೆ ನಾನೂ ಹೋದೆ. ಒಂದು ಹಡಗು ಉಬ್ಬರಕ್ಕೆ ಕಾದು ಒಳಗೆ ಬಂದಿತ್ತು, ಜನ ಹೆಚ್ಚಿತ್ತು. ಓಡೆಟ್ ಬುಟ್ಟಿ ಇಳಿಸಿ ದೂರ ನಿಲ್ಲಲು ಹೊರಟಾಗ, ಎತೋಂದೆಯಕ್ಕ ಅವಳ ತೋಳು ಹಿಡಿದು ತನ್ನ ಮಣೆಯ ಮೇಲೆ ಕೂರಿಸಿದಳು.

"ಕೇಳ್ರಪ್ಪಾ," ಎಂದಳು. "ನೀವು ತಿನ್ನೋದು ನಾನು ಕಟ್ಟಿದ್ದಲ್ಲ. ಇವಳು ಕಟ್ಟಿದ್ದು. ಬಹಳ ಕಾಲದಿಂದ ಇವಳೇ."

ಕೋತೊ ಹೋ ಎಂದು ನಕ್ಕ. "ಅಮ್ಮಾ, ಇವತ್ತಿನ ಹಾಸ್ಯ ಚೆನ್ನಾಗಿದೆ! ಹಂಗಾದ್ರೆ ಎಯೂಮಜ್ಜ ಹಿಟ್ಟು ಅರೀತಾನಾ?" ಎಲ್ಲರೂ ನಕ್ಕರು. ಅಷ್ಟು ವರ್ಷ ನಗಿಸಿದವಳ ಬಾಯಿಂದ ಬಂದದ್ದನ್ನು ನಿಜವೆಂದು ಯಾರೂ ನಂಬಲಿಲ್ಲ. ಆಕೆ ಇನ್ನೊಮ್ಮೆ ಹೇಳಿದಳು. ಇನ್ನೂ ಹೆಚ್ಚು ನಕ್ಕರು.

ಆಗ ಎತೋಂದೆಯಕ್ಕ ಬುಟ್ಟಿಯ ಬದಿಯಿಂದ ಹಸಿ ಎಲೆಯನ್ನೂ ಹಿಟ್ಟಿನ ಬೋಗುಣಿಯನ್ನೂ ಹೊರತೆಗೆದಳು. ಎಲ್ಲರೆದುರು ನೆಲದ ಮೇಲೆ ಕುಳಿತು ಕೈ ಹೊರಗೆ ಚಾಚಿದಳು. ಎಲೆಯನ್ನು ಹಿಡಿಯಲು ನೋಡಿದಳು, ಜಾರಿತು. ಹಲ್ಲಿನಿಂದ ದಾರ ಕಚ್ಚಿ ಸುತ್ತಲು ನೋಡಿದಳು. ಹಿಟ್ಟು ಮುಂಗೈಗೆ, ಮಡಿಲಿಗೆ, ಮಣ್ಣಿಗೆ ಬಿತ್ತು. ಆಕೆ ನಿಲ್ಲಿಸಲಿಲ್ಲ, ಸಾಕು ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ನಗು ಒಬ್ಬೊಬ್ಬರಲ್ಲೇ ನಿಂತಿತು. ಕೋತೊವಿನ ಕೈಯಲ್ಲಿ ಅರ್ಧ ತಿಂದ ಮಿಯೊಂಡೊ ಇತ್ತು. ಅದನ್ನು ತಿನ್ನುವುದೋ ಇಡುವುದೋ ತಿಳಿಯದೆ ಆ ದೊಡ್ಡ ಮನುಷ್ಯ ಓಡೆಟ್‌ಳ ಮುಖ ನೋಡಲಾರದೆ ನಿಂತಿದ್ದ.

"ತಿನ್ನಣ್ಣ," ಎಂದಳು ಓಡೆಟ್. "ಆರಿಹೋಗತ್ತೆ."

ಅವನು ತಿಂದ. ನುಂಗುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಓಡೆಟ್ ಮಣೆಯಿಂದ ಇಳಿಯಲಿಲ್ಲ. ಎತೋಂದೆಯಕ್ಕನ ಮಡಿಲಿನ ಹಿಟ್ಟನ್ನೂ ಒರೆಸಲಿಲ್ಲ. "ಅವತ್ತೇ ಹೇಳಬೇಕಾಗಿತ್ತು ಅಮ್ಮಾ," ಎಂದಳಷ್ಟೇ.

"ಹೌದು," ಎಂದಳು ಎತೋಂದೆಯಕ್ಕ.

ನಮ್ಮ ಕೇರಿಯ ಕೆಲವರು ಆಮೇಲೆ ಆ ಮಿಯೊಂಡೊ ಕೊಳ್ಳುವುದನ್ನು ಬಿಟ್ಟರು. ಹಮಾಲರು ಬಿಡಲಿಲ್ಲ. ತಗ್ನೆಯಮ್ಮ ಕೊಟ್ಟ ಮಾತಿನಂತೆ ಬಂದು ಬಾಗಿಲು ತಟ್ಟಿದರು, ಸಿಕೆಯ ಮದುವೆಯಾಯಿತು. ಮದುವೆಯ ದಿನ ಓಡೆಟ್ ಬಡಿಸಲಿಲ್ಲ. ಹುಡುಗನ ಕಡೆಯವರು ಅವಳನ್ನು ಕರೆದು ತಮ್ಮ ಸಾಲಿನಲ್ಲಿ ಕೂರಿಸಿಕೊಂಡರು. ಎತೋಂದೆಯಕ್ಕ ಹಿಂದೆ, ಮೀನು ತೊಳೆಯುವ ಹೆಂಗಸರ ನಡುವೆ ಕುಳಿತಿದ್ದಳು. ಸಿಕೆ ಎರಡು ಬಾರಿ ಬಂದು ಕರೆದರೂ ಮುಂದೆ ಬರಲಿಲ್ಲ.

ಆಮೇಲೆ ಕೆಲವು ವರ್ಷ ಬದುಕಿದ್ದಳು. ಸಂಜೆ ನನ್ನ ಜಗಲಿಗೆ ಬಂದು ಕೂರುತ್ತಿದ್ದಳು; ಹಡಗುಗಳ ಕೂಗು ಕೇಳುತ್ತಿತ್ತು. ಒಮ್ಮೆ ನಾನು, "ಆ ಜನರ ಮುಂದೆ ಹಾಗೆ ಕೈ ಚಾಚುವುದಕ್ಕೆ ಎಂಥ ಧೈರ್ಯ ಬೇಕು ಅಕ್ಕಾ," ಎಂದೆ. ಮೇಷ್ಟ್ರ ಬುದ್ಧಿ, ಒಳ್ಳೆಯದಕ್ಕೆ ಸರಿ ಗುರುತು ಹಾಕದೆ ಬಿಡುವುದಿಲ್ಲ.

ಎತೋಂದೆಯಕ್ಕ ತಲೆ ಅಲ್ಲಾಡಿಸಿದಳು. "ಅದನ್ನ ಹೊಗಳ್ಬೇಡ ಮೇಷ್ಟ್ರೇ. ಅವಳು ಎರಡನೇ ಸಲ ದಾರ ಸುತ್ತೋವಾಗ ನಾನು ನೋಡ್ತಾ ಇದ್ದೆ. ನಂಗೆ ಹೊತ್ತು ಕೊಡ್ತಿದಾಳೆ ಅಂತ ಆಗಲೇ ಗೊತ್ತಿತ್ತು," ಎಂದಳು.